ಮಾತ್ರೆ ಮುಗಿಯುವ ಮೊದಲೇ ಹೊರಡಿ

ಖಾಸಗಿ ಮನೋವೈದ್ಯರ ಫೀಸು, ತಿಂಗಳ ಮಾತ್ರೆಯ ಖರ್ಚು ಕೈಮೀರಿದಾಗ ಸರ್ಕಾರಿ ಆಸ್ಪತ್ರೆಗೆ ಹೋಗಲು ಸಂಕೋಚ ಬೇಡ. ಆದರೆ ದಯವಿಟ್ಟು, ದುಡ್ಡಿಲ್ಲವೆಂದು ಮಾತ್ರೆ ನಿಲ್ಲಿಸಬೇಡಿ. ಮನೆಯಲ್ಲಿ ಇನ್ನೂ ಹದಿನೈದು ದಿನದ ಮಾತ್ರೆ ಇರುವಾಗಲೇ ಹೊರಡಿ.

ಮೊದಲು ಈಗಿನ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ: ಕಾಯಿಲೆ ಯಾವುದು, ಯಾವ ಔಷಧಿ ಎಷ್ಟು ಮಿಲಿಗ್ರಾಂ, ಯಾವುದು ಒಗ್ಗಲಿಲ್ಲ. ದಾಖಲೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು. ಖಾಲಿ ಸ್ಟ್ರಿಪ್ಪನ್ನೂ ಒಯ್ಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಔಷಧಿ ಬೇರೆ ಕಂಪನಿಯದು, ಬೇರೆ ಬಣ್ಣದ್ದು ಸಿಗಬಹುದು. ನನ್ನ ಅಕ್ಕ ಗುಲಾಬಿ ಮಾತ್ರೆಯ ಜಾಗದಲ್ಲಿ ಬಿಳಿಯದನ್ನು ಕಂಡು ಹೆದರಿ ಎರಡು ದಿನ ನುಂಗಲೇ ಇಲ್ಲ. ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು, ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿಸಿದ ಮೇಲೆಯೇ ಒಪ್ಪಿದಳು. ಲಿಥಿಯಂ ತೆಗೆದುಕೊಳ್ಳುವವರು ಹಿಂದಿನ ರಕ್ತಪರೀಕ್ಷೆಯ ವರದಿ ಮರೆಯಬಾರದು.

ಎಲ್ಲರೂ ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲೂ ತಜ್ಞರು ನೋಡುವ ಏರ್ಪಾಡಿದೆ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಲು ಉದ್ದವಿರುತ್ತದೆ; ಬುತ್ತಿ ಕಟ್ಟಿಕೊಂಡು, ಜೊತೆಗೊಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಬೇಗ ಹೋಗಿ.