ಕುದುರೆಮುಖದ ಹುಲ್ಲು ಮತ್ತು ಶೋಲಾ

ಮಳೆಗಾಲ ಕಳೆದು ಆಕಾಶವು ತಿಳಿಯಾದ ಮೇಲೆ, ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು, ದಾರಿ ಬಲ್ಲವರೊಬ್ಬರೊಡನೆ ನಾವು ಕುದುರೆಮುಖದ ಶಿಖರವನ್ನು ಏರಲು ಹೊರಟಿದ್ದೇವೆಂದು ಭಾವಿಸೋಣ. ಇದರ ಎತ್ತರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರು. ಸಾವಿರ ಮೀಟರು ಮೇಲೇರಿದರೆ ಗಾಳಿಯ ಉಷ್ಣತೆಯು ಸುಮಾರು 6 ಡಿಗ್ರಿ ಸೆಲ್ಸಿಯಸ್ಸಿನಷ್ಟು ಇಳಿಯುವುದು. ಆದುದರಿಂದಲೇ ಕರಾವಳಿಯಲ್ಲಿ ಜನರು ಬೆವರುತ್ತಿರುವಾಗಲೂ ಇಲ್ಲಿ ಹೊದಿಕೆ ಬೇಕೆನಿಸುತ್ತದೆ.

ಬೆಟ್ಟದ ಬುಡದಲ್ಲಿ ನಿತ್ಯಹರಿದ್ವರ್ಣದ ದಟ್ಟ ಕಾಡು; ಪಶ್ಚಿಮಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಸಹಜವಾಗಿ ನೆಲೆಸಿರದ ಸಿಂಗಳೀಕವು ಇಂಥ ಕಾಡಿನ ಮರದ ತುದಿಗಳಲ್ಲಿ ವಾಸಿಸುತ್ತದೆ. ಮೇಲೆ ಹೋದಂತೆ ಮರಗಳು ಹಿಂದೆ ಸರಿದು, ಹುಲ್ಲಿನ ದಿಣ್ಣೆಗಳು ಎದುರಾಗುತ್ತವೆ. ಆದರೆ ಎರಡು ದಿಣ್ಣೆಗಳ ನಡುವಣ ಕಣಿವೆಯಲ್ಲಿ ನೋಡಿದರೆ, ಅಲ್ಲಿ ಗಿಡ್ಡನೆಯ, ಒತ್ತಾದ ಮರಗಳ ಕಾಡು. ಇದೇ ಶೋಲಾ. ಇದರ ಕೊಂಬೆಗಳ ಮೇಲೆ ಪಾಚಿ ಬೆಳೆದಿರುತ್ತದೆ. ಒಳಗೆ ಹಗಲಿನಲ್ಲಿಯೂ ಮಬ್ಬು.

ಮರಗಳು ಕಣಿವೆಯಲ್ಲಿಯೇ ಏಕೆ ನಿಂತವು? ದಿಣ್ಣೆಯ ಮೇಲೆ ಮಣ್ಣಿನ ಪದರವು ತೆಳುವು, ಗಾಳಿಯ ಹೊಡೆತವು ಪ್ರಬಲವು, ಬೇಸಿಗೆಯಲ್ಲಿ ಬೆಂಕಿಯ ಭಯವುಂಟು. ನೆರಳು ಮತ್ತು ತೇವಗಳಲ್ಲಿ ಬೆಳೆಯುವ ಶೋಲಾ ಸಸಿಗಳಿಗೆ ಅಲ್ಲಿ ಬದುಕುವುದು ಕಷ್ಟ. ಕಣಿವೆಯಲ್ಲಾದರೋ ಆಳವಾದ ಮಣ್ಣು, ನೀರು, ಗಾಳಿಯಿಂದ ಮರೆ, ಮೂರೂ ದೊರೆಯುತ್ತವೆ.

ಈ ಹುಲ್ಲುಗಾವಲು ಮನುಷ್ಯನು ಕಾಡು ಕಡಿದುದರಿಂದ ಉಂಟಾದುದೆಂದು ಅನೇಕರು ಎಣಿಸಿದ್ದರು. ಇಂಥದೇ ಹುಲ್ಲು ಮತ್ತು ಶೋಲಾಗಳ ಜೋಡಿ ನೀಲಗಿರಿಯಲ್ಲಿಯೂ ಇದೆ. ಅಲ್ಲಿಯ ಜೌಗಿನಲ್ಲಿ ಪದರಪದರವಾಗಿ ಕೂಡಿದ್ದ ಕೊಳೆತ ಸಸ್ಯದ್ರವ್ಯವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ, 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಷ್ಣವಲಯದ ಅನೇಕ ಹುಲ್ಲುಗಳ ದೇಹದಲ್ಲಿ ಕಾರ್ಬನ್-13 ಎಂಬ ಭಾರವಾದ ಇಂಗಾಲದ ಪ್ರಮಾಣವು ಮರಗಳಲ್ಲಿರುವುದಕ್ಕಿಂತ ತುಸು ಹೆಚ್ಚು. ಈ ಗುರುತನ್ನು ಹಿಡಿದು ನೋಡಿದಾಗ, ಸುಮಾರು 18,000 ವರ್ಷಗಳ ಹಿಂದೆ, ಹಿಮಯುಗದ ಒಣಹವೆಯಲ್ಲಿ, ಹುಲ್ಲೇ ಅಲ್ಲಿ ಪ್ರಧಾನವಾಗಿದ್ದಿತೆಂದು ತಿಳಿದುಬಂದಿತು. ಕೊಡಲಿಯ ಕಾಲಕ್ಕಿಂತ ಹುಲ್ಲು ಹಳೆಯದು!

ಹುಲ್ಲನ್ನು ಬರಿದಾದ ನೆಲವೆಂದು ತಿಳಿದುದರ ಫಲ ಸಾಮಾನ್ಯವಾದುದಲ್ಲ. ನೀಲಗಿರಿಯಲ್ಲಿ ವಿಶಾಲವಾದ ಹುಲ್ಲುಗಾವಲುಗಳು ನೀಲಗಿರಿ ಮರದ ಮತ್ತು ವ್ಯಾಟಲ್ ಮರದ ತೋಪುಗಳಾದವು. ಕುದುರೆಮುಖದ ಬೆಟ್ಟಗಳನ್ನು ಕಬ್ಬಿಣದ ಅದಿರಿಗಾಗಿ ಅಗೆದರು. ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಆ ಕೆಲಸವು 2005ರ ಕೊನೆಯಲ್ಲಿ ನಿಂತಿತು. ವಾಸ್ತವವಾಗಿ ಹುಲ್ಲು ಮತ್ತು ಶೋಲಾ ಒಂದೇ ಸಂಸಾರದ ಎರಡು ಅಂಗಗಳು. ಕಡವೆ, ಕಾಟಿಗಳು ಹುಲ್ಲಿನಲ್ಲಿ ಮೇದು ಕಾಡಿನ ಮರೆಯನ್ನು ಸೇರುತ್ತವೆ. ಬಿದ್ದ ಮಳೆಯನ್ನು ಹುಲ್ಲಿನ ಬೇರುಗಳೂ ಶೋಲಾದ ಮೆತ್ತನೆಯ ಮಣ್ಣೂ ಹಿಡಿದಿಟ್ಟು, ಮಳೆ ನಿಂತ ಮೇಲೆಯೂ ಸ್ವಲ್ಪಸ್ವಲ್ಪವಾಗಿ ಹಳ್ಳಗಳಿಗೆ ಬಿಡುತ್ತವೆ. ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲವು ಇದೇ ಶ್ರೇಣಿಯಲ್ಲಿದೆ.

ಇನ್ನು ನಮ್ಮ ಕಾಲುಗಳ ವಿಚಾರ. ಸಾವಿರಾರು ಜನರು ಕಾಲುದಾರಿಯನ್ನು ಬಿಟ್ಟು ನಡೆದರೆ ಹುಲ್ಲು ಸತ್ತು ಮಣ್ಣು ಗಟ್ಟಿಯಾಗುವುದು. ನೀರು ಒಳಗೆ ಇಂಗದೆ ಮೇಲೆಯೇ ಹರಿದು ಕೊರಕಲನ್ನು ತೋಡುವುದು. ಒಂದು ಬೆಂಕಿಯ ಕಿಡಿ ಇಡೀ ದಿಣ್ಣೆಯನ್ನು ಸುಡಬಲ್ಲದು. ಆದುದರಿಂದ ಒಬ್ಬರ ಹಿಂದೆ ಒಬ್ಬರಾಗಿ ಒಂದೇ ದಾರಿಯಲ್ಲಿ ನಡೆಯೋಣ, ಬೆಂಕಿಯನ್ನು ಹಚ್ಚದಿರೋಣ, ಗದ್ದಲ ಮಾಡದಿರೋಣ. ಮೌನವಾಗಿ ನಡೆದವರಿಗೆ ಹಳ್ಳದ ದಡದ ಸಿಳ್ಳಾರದ ಹಾಡು ಕೇಳಿಸುವುದು; ದೂರದ ದಿಣ್ಣೆಯಲ್ಲಿ ತಲೆಯೆತ್ತಿದ ಕಡವೆಯೂ ಕಂಡೀತು.