ವಿಷಬಾಧೆ: ಆಸ್ಪತ್ರೆಯ ದಾಖಲೆ ಮತ್ತು ಬಿಲ್ಲು



ಚಿಕ್ಕಬಾಣಾವರದ ಸುತ್ತಮುತ್ತ ಬೆಳೆಗೆ ಹೊಡೆಯುವ ವಿಷವನ್ನೂ ‘ಔಷಧಿ’ ಎನ್ನುವುದೇ ರೂಢಿ. ಆಸ್ಪತ್ರೆಯಲ್ಲಿ ‘ಔಷಧಿ ಹೊಟ್ಟೆಗೆ ಹೋಯಿತು’ ಎಂದರೆ ಮಾತ್ರೆಯೆಂದು ತಿಳಿಯುವ ಸಂಭವವಿದೆ. ‘ಕೀಟನಾಶಕ’ ಎಂದೇ ಹೇಳಿ. ಡಬ್ಬಿಯ ಲೇಬಲನ್ನು ಜೊತೆಗೆ ಒಯ್ಯಿರಿ. ವಿಷದ ಹೆಸರು, ಪ್ರತಿವಿಷದ ವಿವರ ಅದರಲ್ಲಿರುತ್ತದೆ.

ಮೊದಲು 108ಕ್ಕೆ ಕರೆ ಮಾಡಿ. ವಿಷ ತಗಲಿದ ಬಟ್ಟೆ ತೆಗೆದು ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ಬಲವಂತವಾಗಿ ವಾಂತಿ ಮಾಡಿಸಬೇಡಿ.

ಸಂಕೇತಗಳ ಅರ್ಥ

ರೋಗಗಳನ್ನು ದಾಖಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ಐ.ಸಿ.ಡಿ.-10 ಎಂಬ ಪಟ್ಟಿಯಿದೆ. ಅದರಂತೆ ವಿಷಬಾಧೆಗೆ ಎರಡು ಸಂಕೇತ ಬರೆಯುತ್ತಾರೆ.

ಮೊದಲನೆಯದು ಯಾವ ವಿಷವೆಂಬುದು: ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಕೀಟನಾಶಕಗಳಿಗೆ ಟಿ60.0, ಕಳೆನಾಶಕ, ಶಿಲೀಂಧ್ರನಾಶಕಗಳಿಗೆ ಟಿ60.3, ಇಲಿಪಾಷಾಣಕ್ಕೆ ಟಿ60.4.

ಎರಡನೆಯದು ಹೇಗಾಯಿತೆಂಬುದು: ಆಕಸ್ಮಿಕವಾದರೆ ಎಕ್ಸ್48, ತಾನಾಗಿ ಕುಡಿದರೆ ಎಕ್ಸ್68, ಬೇರೊಬ್ಬರು ಹಾಕಿದರೆ ಎಕ್ಸ್87. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಮಾನೋಕ್ರೋಟೋಫಾಸ್ ಬೆರೆಸಿ 15ಕ್ಕೂ ಹೆಚ್ಚು ಜನ ಸತ್ತದ್ದು ಈ ಕೊನೆಯ ಬಗೆಗೆ ಸೇರುತ್ತದೆ. ಸಿಂಪರಣೆ ಮಾಡುವಾಗ ಅದೇ ವಿಷ ತಗಲಿದ್ದರೆ ಟಿ60.0 ಹಾಗೆಯೇ ಉಳಿದು, ಎಕ್ಸ್48 ಬರುತ್ತಿತ್ತು.

ಹಣದ ವಿಚಾರ

ಸಿಂಪರಣೆಯಲ್ಲಾದ ಅಪಘಾತಕ್ಕೆ ತಪ್ಪಾಗಿ ಎಕ್ಸ್68 ಬಿದ್ದರೆ, ಸ್ವಯಂಕೃತ ಹಾನಿಯನ್ನು ಹೊರಗಿಟ್ಟಿರುವ ಖಾಸಗಿ ವಿಮೆಯಲ್ಲಿ ಪರಿಹಾರ ಸಿಗದೆ ಹೋಗಬಹುದು. ಬಿಡುಗಡೆಯಾಗುವ ಮುನ್ನ ಚೀಟಿ ಓದಿಸಿಕೊಳ್ಳಿ. ತಪ್ಪಿದ್ದರೆ ವೈದ್ಯರಿಗೆ ತಿಳಿಸಿ. ಹಾಗೆಂದು ಸುಳ್ಳು ಹೇಳಬೇಡಿ. ಎಷ್ಟು ವಿಷ, ಯಾವಾಗ, ಹೇಗೆ ಒಳಗೆ ಹೋಯಿತೆಂಬುದರ ಮೇಲೆ ಚಿಕಿತ್ಸೆ ನಿಂತಿದೆ.

ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಕಾರ್ಡು ತೋರಿಸಿ, ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

ಪೊಲೀಸರ ಭಯ ಬೇಡ

ಇಂತಹ ಪ್ರಕರಣಗಳನ್ನು ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ. ಆದರೆ ಅದಕ್ಕಾಗಿ ಚಿಕಿತ್ಸೆ ತಡೆಯುವಂತಿಲ್ಲ. ಜೀವ ಉಳಿಸುವುದೇ ಮೊದಲೆಂದು ಸುಪ್ರೀಂ ಕೋರ್ಟು 1989ರಲ್ಲೇ ತೀರ್ಪಿತ್ತಿದೆ. ತಾನಾಗಿ ಕುಡಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಆದ್ದರಿಂದ ಭಯಪಟ್ಟು ತಡಮಾಡದಿರಿ. ಲೇಬಲು, ಕಾರ್ಡು, ನಿಜಸಂಗತಿ ಈ ಮೂರನ್ನೂ ಒಯ್ಯಿರಿ.