ರಿಷಭದಲ್ಲಿ ನಿಂತು ಷಡ್ಜಕ್ಕೆ ಬಾ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪಿಯಾನೊಗೆ ನಿನ್ನದೇ ಒಂದು ಪುಟ್ಟ ರಚನೆ ಮಾಡಬೇಕು ಅಂತ ಕೂತರೆ ಯಾವುದೂ ಮುಗಿಯುತ್ತಿಲ್ಲ, ಫೋನ್ ತುಂಬ ಅರ್ಧಂಬರ್ಧ ತುಣುಕುಗಳೇ ಇವೆ ಅಂತ ಬರೆದಿದ್ದೀಯ. ಕಳಿಸಿದ್ದನ್ನೆಲ್ಲ ಕೇಳಿದೆ. ಕಲ್ಪನೆಗೇನೂ ಬರ ಇಲ್ಲ ಕಣೇ, ಧಾರಾಳ ಹೆಚ್ಚಾಗಿದೆ. ಎರಡು ಬಾರ್ ಆಗುವಷ್ಟರಲ್ಲಿ ಹೊಸ ಮಾತು, ಅದು ಮುಗಿಯುವ ಮೊದಲೇ ಮತ್ತೊಂದು. ಹೇಳಿದ್ದನ್ನು ಇನ್ನೊಮ್ಮೆ ಹೇಳುವುದಕ್ಕೆ ನಿನಗೆ ನಾಚಿಕೆ.

ಕಳೆದ ವರ್ಷ ನುಡಿಸುತ್ತಿದ್ದೆಯಲ್ಲ, ಜಿ ಮೇಜರ್ ಮಿನ್ಯುಯೆಟ್, ಅದನ್ನು ತೆಗೆ. ಬಾಖ್‌ನ ಹೆಂಡತಿ ಆನಾ ಮಾಗ್ಡಲೇನಾಳ 1725ರ ಸಂಗೀತದ ಪುಸ್ತಕದಲ್ಲಿ ಇರುವಂಥದ್ದು. ಬಹುಕಾಲ ಬಾಖ್‌ನದೇ ಅಂದುಕೊಂಡಿದ್ದರು. ಡ್ರೆಸ್ಡೆನ್ನಿನಲ್ಲಿ ಆರ್ಗನ್ ನುಡಿಸುತ್ತಿದ್ದ ಕ್ರಿಸ್ಟಿಯಾನ್ ಪೆಟ್ಸೋಲ್ಡನದು ಅಂತ ತಿಳಿದದ್ದು 1970ರ ದಶಕದಲ್ಲಿ. ಜಿ ಸ್ವರವನ್ನು ಷಡ್ಜ ಮಾಡಿಕೊಂಡು ಬಾಯಲ್ಲಿ ಹಾಡು. ಹೇಗೂ ಶಂಕರಾಭರಣದ ಸ್ವರಗಳೇ.

ಪಾ ಸರಿಗಮ, ಪಾ ಸಾ ಸಾ.
ದಾ ಮಪದನಿ, ಸಾ ಸಾ ಸಾ.
ಮಾ ಪಮಗರಿ, ಗಾ ಮಗರಿಸ.
ನೀ ಸರಿಗಸ, ರೀ.

ಎಂಟು ಬಾರ್ ಆಯಿತು. ಒಂದು ದೀರ್ಘ, ನಾಲ್ಕು ಹ್ರಸ್ವ. ಇಲ್ಲವೇ ಮೂರೂ ದೀರ್ಘ. ಕೊನೆಯ ಉದ್ದದ ರಿಷಭ ಬಿಟ್ಟರೆ ಇರುವುದು ಈ ಎರಡೇ ನಡೆ. ಎರಡನೆಯ ಸಾಲು ಮೊದಲನೆಯದೇ, ಇನ್ನಷ್ಟು ಮೇಲಕ್ಕೆ ಹತ್ತಿದೆ. ಮೂರನೆಯ ಸಾಲಿನ ಎರಡು ಬಾರ್‌ಗಳನ್ನು ನೋಡು: ಅದೇ ಆಕಾರ, ಒಂದು ಸ್ವರ ಕೆಳಗೆ. ಎಂಟನೆಯದರಲ್ಲಿ ಬಂದು ರಿಷಭದ ಮೇಲೆ ನಿಂತುಬಿಡುತ್ತದೆ. ಕೇಳುವವರಿಗೆ ಇನ್ನೂ ಮುಗಿದಿಲ್ಲ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಒಂಬತ್ತರಿಂದ ಮತ್ತೆ ಮೊದಲಿನಿಂದ, ಆರು ಬಾರ್ ಇದ್ದದ್ದು ಇದ್ದ ಹಾಗೆ. ಬದಲಾಗುವುದು ಕೊನೆಯ ಎರಡು ಮಾತ್ರ: ರೀ ಗರಿಸನಿ, ಸಾ. ಮನೆ ತಲುಪಿತು. ಹದಿನಾರು ಬಾರ್‌ಗಳಲ್ಲಿ ಅವನು ಹೊಸದಾಗಿ ಹುಟ್ಟಿಸಿದ್ದು ಎಷ್ಟು ಅಂತ ನೀನೇ ಲೆಕ್ಕ ಹಾಕು. ಪಲ್ಲವಿಯ ಒಂದೇ ಸಾಲನ್ನು ಸಂಗತಿ ಹಾಕಿ ಹಾಕಿ ಹಾಡುವ ನಿನಗೆ ಕೀಬೋರ್ಡಿನ ಮುಂದೆ ಕೂತ ತಕ್ಷಣ ಇದು ಮರೆತುಹೋಗುವುದೇ ನನಗೆ ಆಶ್ಚರ್ಯ.

ಇನ್ನು ಎಡಗೈ. ನೀನು ಕಳಿಸಿದ್ದರಲ್ಲಿ ಎಡಗೈ ಮೂರು ಬೆರಳಿನ ಕಾರ್ಡ್‌ಗಳನ್ನು ದಬದಬ ಕುಟ್ಟುತ್ತಾ ಹೋಗುತ್ತದೆ. ಪೆಟ್ಸೋಲ್ಡನ ಎಡಗೈ ಎರಡನೆಯ ಬಾರ್‌ನಿಂದ ಆರನೆಯದರವರೆಗೆ ಮಾಡುವುದೇನು ಗೊತ್ತಾ? ಬಾರ್‌ಗೆ ಒಂದೇ ಸ್ವರ, ಮೂರು ಎಣಿಕೆಯೂ ಹಿಡಿದಿರುತ್ತದೆ. ಆ ಐದನ್ನು ಜೋಡಿಸಿ ಹಾಡು: ಗ, ಮ, ಗ, ರಿ, ಸ. ಆರನೆಯ ಬಾರ್‌ನಲ್ಲಿ ಬಲಗೈ ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳಿ ಮುಗಿಸುವುದೂ ಅದನ್ನೇ, ಗಾ ಮಗರಿಸ. ಬೇಕೆಂದೇ ಮಾಡಿದನೋ, ಕೈ ಹೋದ ಕಡೆ ಹಾಗೆ ಬಂತೋ, ನನಗಂತೂ ಪ್ರತಿ ಸಲ ಖುಷಿಯಾಗುತ್ತದೆ. ಎಡಗೈ ಒಂದನ್ನೇ ನುಡಿಸಿದಾಗಲೂ ಹಾಡಿಕೊಳ್ಳುವಂತಿರಬೇಕು. ಅಲ್ಲಿಯವರೆಗೆ ಕಾರ್ಡ್ ಬೇಡ. ತಾನೇ ತಾಳ ಹೊಡೆದುಕೊಳ್ಳುವ ಆ ರಿದಮ್ ಬಟನ್ ಅಂತೂ ಮುಟ್ಟಲೇಬೇಡ.

ಯಾವ ಸ್ವರಗಳಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಬರೀ ಕಪ್ಪು ಕೀಗಳನ್ನು ತೆಗೆದುಕೋ. ಎಫ್ ಶಾರ್ಪ್ ಷಡ್ಜವಾದರೆ ಅವು ಮೋಹನ. ಅವೇ ಐದನ್ನು ಜಿ ಶಾರ್ಪ್‌ನಿಂದ ಹಿಡಿದರೆ ಮಧ್ಯಮಾವತಿ, ಎ ಶಾರ್ಪ್‌ನಿಂದ ಹಿಂದೋಳ. ಮೋಹನದಲ್ಲಿ ಎಡಗೈಗೆ ಸ, ಪ ಎರಡು ಕೊಟ್ಟು ಬಿಡು. ಹಿಂದೋಳಕ್ಕೆ ಪಂಚಮ ಇಲ್ಲ, ಸ, ಮ ಹಿಡಿ. ತೋಡಿಯ ಆಸೆ ಸದ್ಯಕ್ಕೆ ಬೇಡ. ಪಿಯಾನೊದಲ್ಲಿ ಎರಡು ಕೀಗಳ ನಡುವೆ ಜಾರಲಾಗದು, ಗಮಕವಿಲ್ಲದ ತೋಡಿ ತೋಡಿಯೇ ಅಲ್ಲ.

ಇನ್ನೊಂದು. ಪಿಟೀಲಿನಲ್ಲಿ ಕಮಾನು ಎಳೆದಷ್ಟು ಹೊತ್ತು ನಾದ ನಿಲ್ಲುತ್ತದೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ನಾದ ಇಳಿಯಲು ಶುರು. ಹಾಡುವಾಗ ಎದೆ ತುಂಬುವ ನಿನ್ನ ಉದ್ದದ ಗಾಂಧಾರ ಅಲ್ಲಿ ಬಡಕಲಾಗಿ ಕೇಳಿಸಿದ್ದು ಅದಕ್ಕೇ. ಅಂಥ ಕಡೆ ಬಲಗೈ ನಿಂತಿರಲಿ, ಎಡಗೈ ನಡೆಯಲಿ. ಮೊಜಾರ್ಟ್ 1788ರಲ್ಲಿ ಹೊಸಬರಿಗೆಂದು ಬರೆದ ಸಿ ಮೇಜರ್ ಸೊನಾಟಾ ಕೇಳು: ಬಲಗೈ ನಿಧಾನವಾಗಿ ಸಾ, ಗಾ, ಪಾ ಅನ್ನುತ್ತಿರುವಾಗ ಎಡಗೈ ಸಪಗಪ, ಸಪಗಪ ಅಂತ ಕಾರ್ಡನ್ನೇ ಬಿಡಿಸಿಕೊಂಡು ಓಡುತ್ತಿರುತ್ತದೆ. ನೀನೂ ಎತ್ತಿಕೋ, ಕಳ್ಳತನವೇನಲ್ಲ, ಎಲ್ಲರೂ ಎತ್ತಿಕೊಂಡದ್ದೇ.

ಎರಡು ದೋಣಿಯ ಮೇಲೆ ಕಾಲಿಡಬೇಡ, ಒಂದೋ ಕರ್ನಾಟಕ ಸಂಗೀತ ಒಂದೋ ಪಿಯಾನೊ ಅಂತ ನಿಮ್ಮಪ್ಪ ಗೊಣಗುತ್ತಾನಂತೆ. ಜಯಚಾಮರಾಜ ಒಡೆಯರು ಪಿಯಾನೊ ಕಲಿತವರು, 94 ಕೃತಿ ರಚಿಸಿದವರೂ ಅವರೇ. ರಷ್ಯಾದ ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊ ಅರ್ಪಿಸಿದ್ದು ನಮ್ಮ ಆ ಮಹಾರಾಜರಿಗೇ. ನಿಮ್ಮಪ್ಪನಿಗೆ ಇಷ್ಟು ಹೇಳು, ಉಳಿದದ್ದು ನಾನು ಬಂದಾಗ ನೋಡಿಕೊಳ್ಳುತ್ತೇನೆ.

ಈ ಸಲ ಕೀ ಮುಟ್ಟುವ ಮೊದಲು ಎರಡು ಬಾರ್ ಬಾಯಲ್ಲಿ ಬರಲಿ. ಪಾತ್ರೆ ತೊಳೆಯುವಾಗ ಬಂದರೂ ಸರಿ. ಮಾರನೆಯ ದಿನವೂ ನೆನಪಿದ್ದರೆ ಇಟ್ಟುಕೋ, ಮರೆತುಹೋದರೆ ಹೋಗಲಿ. ಎಂಟರಲ್ಲಿ ರಿಷಭಕ್ಕೆ ನಿಲ್ಲಿಸು, ಹದಿನಾರರಲ್ಲಿ ಷಡ್ಜಕ್ಕೆ ಬಾ. ಸಿನಿಮಾ ಹಾಡಿನ ಹಾಗೆ ಕೇಳಿಸಿದರೂ ಮುಗಿಸಿಬಿಡು, ಹೋಲಿಕೆ ಎಲ್ಲಿದೆ ಅಂತ ಮುಗಿದ ಮೇಲೆ ನೋಡಿ ಅಲ್ಲಿ ಒಂದು ಸ್ವರ ತಿರುಗಿಸಿದರಾಯಿತು. ರೆಕಾರ್ಡಿಂಗ್ ಕಳಿಸಬೇಡ, ಹಾಳೆಯ ಮೇಲೆ ಬರೆದು ಅದರ ಫೋಟೊ ಕಳಿಸು. ಸ್ಟಾಫ್ ಮೇಲೆ ಬರೆಯಲು ಬಾರದಿದ್ದರೆ ಸರಿಗಮದಲ್ಲೇ ಬರೆ. ಎಡಗೈಯದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆ, ಅಲ್ಲೇ ನಾನು ಹೆಚ್ಚು ತಿದ್ದುವುದು.

ಇಂತಿ,
ನಿನ್ನ ದೊಡ್ಡಮ್ಮ